ಸನಿಯ್ಯಳ ಗೋಡೆ

ನೀಲಿ ಇನ್ನೂ ಗಟ್ಟಿಯಾಗಿದೆ, ಕೋಲೆತ್ತಿದರೆ ಎಳೆ ಎಳೆಯಾಗಿ ಜಾರುತ್ತದೆ, ಇನ್ನೊಂದು ಲೋಟ ನೀರು ಬೇಕು — ಅಲ್ಲ, ಒಂದೂವರೆ ಲೋಟ, ಬಿಸಿಲೇರಿತೆಂದರೆ ಸುಣ್ಣದ ಗೋಡೆ ಬಣ್ಣವನ್ನು ಗಟಗಟ ಕುಡಿದುಬಿಡುತ್ತದೆ, ಹೊಸ್ತಿಲ ಪಕ್ಕದಲ್ಲಿ ಸನಿಯ್ಯಳ ಹಳೆಯ ಚಪ್ಪಲಿ, ಎಡಗಾಲಿನದರ ಹೊರಅಂಚು ಕಾಗದದಷ್ಟು ತೆಳ್ಳಗೆ ಸವೆದಿದೆ, ಒಂದು ತಿಂಗಳಿಂದ ಅಲ್ಲೇ ಇದೆ, ನಾನು ಎತ್ತಿಡಲಿಲ್ಲ, ಕಸ ಗುಡಿಸುವಾಗಲೂ ಅದರ ಸುತ್ತ ಗುಡಿಸಿದೆ. ಸಂಜೆಯ ದೋಣಿಗೆ ಸನಿಯ್ಯ ಬಂದಿಳಿಯುತ್ತಾಳೆ, ನನ್ನ ಹೆಂಡತಿ, ಮೆಕ್ಕಾ ಮುಗಿಸಿ, ಇನ್ನು ಮೇಲೆ ಹಜ್ಜಾ ಸನಿಯ್ಯ. ಹಜ್‌ಗೆ ಹೋಗುವವರ ಚೀಟಿ ಎತ್ತಿದಾಗ ಅವಳ ಹೆಸರು ಬಂತು, ಅವಳ ಅಣ್ಣನ ಮಗ ರಿಫಾಯಿಯದು ಬಂತು, ನನ್ನದು ಬರಲಿಲ್ಲ, ಇರಲಿ, ಗೋಡೆ ಬರೆಯಲು ಒಬ್ಬ ಇಲ್ಲಿರಬೇಕಲ್ಲ. ಹಜ್‌ಗೆ ಹೋದವರು ಬರುವಷ್ಟರಲ್ಲಿ ಅವರ ಯಾತ್ರೆ ಮನೆಗೋಡೆಯ ಮೇಲೆ ಬಂದಿರಬೇಕು, ಮೂವತ್ತು ವರ್ಷದಿಂದ ಊರಿನ ಅಂಥ ಗೋಡೆಗಳೆಲ್ಲ ನನ್ನವೇ, ಆ ಕೈ ಇವತ್ತು ಸ್ವಂತ ಮನೆ ಮುಂದೆ ಮದುಮಗನ ಹಾಗೆ ಬೆವರುತ್ತಿದೆ. ಓಣಿಯೆಲ್ಲ ಬಂದು ಕೂತಿದೆ, ಜಗಲಿ ತುಂಬ ಹೆಂಗಸರು, ಕ್ಷೌರದ ಗಾದ್ ಅಂಗಡಿಯ ಕುರ್ಚಿಯನ್ನೇ ಹೊತ್ತು ತಂದಿದ್ದಾನೆ, ಇದೇನಪ್ಪ ಅಂದರೆ, ನಿಮ್ ಹೆಂಡ್ತೀನ ನೀವೇ ಹೆಂಗೆ ಬರೀತೀರಿ ಅಂತ ನೋಡ್ಬೇಕಲ್ಲ ಮೇಸ್ತ್ರಿ, ಗಿರಾಕಿ ಕಾದ್ರೆ ಕಾಯ್ಲಿ ಬಿಡಿ. ಇವನ ಅಪ್ಪ ವಿಮಾನದಲ್ಲಿ ಹೋಗಿಬಂದಿದ್ದ, ನಾನು ಮರೆತು ಹಡಗು ಬರೆದುಬಿಟ್ಟೆ, ಮುದುಕ ಗೋಡೆಯನ್ನು ನೋಡಿ ನೋಡಿ ಕಡೆಗೆ ಅಲೆಗಳ ಕತೆ ಹೇಳತೊಡಗಿದ, ಮೂರು ಸಲ ವಾಂತಿಯಾಯಿತು ಎಂದೂ ಹೇಳಿದ, ಸಾಯುವ ತನಕ ಹಡಗಿನಲ್ಲೇ ಹೋದವನು. ಇಲ್ಲಿ ಗೋಡೆ ಹೇಳಿದ್ದೇ ನಿಜವಾಗಿಬಿಡುತ್ತದೆ, ನನ್ನ ಭಯವೂ ಅದೇ.

ಈಚಲು ನಾರಿನ ಕುಂಚ ನೆನೆದಿದೆ, ಅಂಟು ಕರಗಿದೆ, ಇದ್ದಿಲಿನಿಂದ ಗುರುತು ಹಾಕಬೇಕು, ತಲೆ ಇಲ್ಲಿ, ಭುಜ ಇಲ್ಲಿ, ಬಲಗಾಲು ಇಲ್ಲಿ — ಎಡ ಹಿಮ್ಮಡಿ ಎರಡು ಬೆರಳು ಮೇಲೆ, ಪಾದ ಒಳಕ್ಕೆ ತಿರುಗಿ, ಹುಟ್ಟಿದಾಗಿನಿಂದ ಇರುವ ಹಾಗೆ. ಜಗಲಿ ಮೇಲೆ ಗುಸುಗುಸು. ಹಾಶಿಮನ ಅಮ್ಮ ಎದ್ದು ನಿಂತಳು, ಶಾಜಲಿ, ಅದೇನು ಕಾಲು ಹಂಗೆ, ಅಳಿಸು ಮೊದ್ಲು, ಇಂಥ ಒಳ್ಳೇ ದಿನ ಕುಂಟೀನ ಕುಂಟಿ ಅಂತ ಗೋಡೆ ಮೇಲೆ ಬರೀತಾರೇನೋ, ನನಗೆ ಮೂರು ಗದ್ದ, ನನ್ನ ಗೋಡೇಲಿ ನೀನು ಒಂದೇ ಬರ್ದೆ, ನಾನು ಬೇಡ ಅಂದ್ನಾ? ಎಲ್ಲರೂ ನಕ್ಕರು, ನಾನೂ ನಕ್ಕೆ, ಆದರೆ ಸನಿಯ್ಯಳಿಗೂ ಹೀಗೇ ಅನ್ನಿಸಿದರೆ, ಇರುವಷ್ಟು ದಿನ ಈ ಬಾಗಿಲಲ್ಲೇ ಹೋಗಿ ಬರಬೇಕಾದವಳು. ಮದುವೆಯ ದಿನ ಅವಳ ನಡಿಗೆ ಯಾರಿಗೂ ಕಾಣಬಾರದೆಂದು ಅವಳಮ್ಮ ನಾಲ್ಕು ಮನೆ ದೂರಕ್ಕೂ ಕತ್ತೆಗಾಡಿ ಕಟ್ಟಿಸಿದ್ದಳು. ಹೋದ ವರ್ಷ ಹಾಶಿಮನ ಅಮ್ಮನ ಗೋಡೆ ಮುಂದೆ ನಿಂತು ಸನಿಯ್ಯ ಏನಂದಳು, ನೀವು ಬರೆಯೋ ಹೆಂಗಸರೆಲ್ಲ ಕಂಬದ ಹಂಗೆ ನೆಟ್ಟಗಿರ್ತಾರಲ್ರೀ, ನನ್ನಂಥೋರು ಹಜ್‌ಗೆ ಹೋಗೋದೇ ಇಲ್ವಾ, ತಮಾಷೆಗೇ ಅಂದಳು, ನಗುತ್ತಲೇ ಅಂದಳು, ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ಮೊನ್ನೆ ಫೋನಿನಲ್ಲಿ ಮಾತ್ರ ದನಿ ಬೇರೆಯೇ, ಕಾಬಾದ ಏಳು ಸುತ್ತೂ ನಡೆದೆ ಕಣ್ರೀ, ರಿಫಾಯಿ ಗಾಲಿಕುರ್ಚಿ ತಂದ, ನಾನು ಅದರಲ್ಲಿ ನನ್ನ ಚೀಲ ಕೂರಿಸಿ ತಳ್ಕೊಂಡು ಬಾ ಅಂದೆ, ಎಷ್ಟು ಜನ ನೋಡಿದ್ರೋ, ನೋಡ್ಲಿ ಅಂದ್ಕೊಂಡೆ. ನೋಡಲಿ. ಅಷ್ಟೇ ಅಲ್ಲವೇ, ಎದೆ ಹಗುರಾಯಿತು, ಹಾಶಿಮನ ಅಮ್ಮನಿಗೆ, ಅಕ್ಕಾ, ಕೂತ್ಕೊ, ಚಹಾ ಆರುತ್ತೆ ಅಂದೆ. ಯಾವಾಗಲೂ ಕಾಬಾದ ಕಪ್ಪು ಚೌಕದಿಂದಲೇ ಶುರುಮಾಡುವವನು, ಕಪ್ಪು ಬಣ್ಣದ ಡಬ್ಬಿಯನ್ನು ಗಾದ್ ಆಗಲೇ ಮುಂದಕ್ಕೆ ಚಾಚಿದ್ದಾನೆ, ಬೇಡ ಮಾರಾಯ, ಇವತ್ತು ಕಾಲಿನಿಂದ, ಅಳತೆ ತಪ್ಪಬಾರದು, ಹೊಸ್ತಿಲಿಗೆ ಹೋಗಿ ಚಪ್ಪಲಿಯನ್ನು ಎತ್ತಿಕೊಂಡೆ, ತಂದು ಗೋಡೆಯ ಬುಡದಲ್ಲಿಟ್ಟೆ, ಎಲ್ಲರಿಗೂ ಕಾಣುವ ಹಾಗೆ, ಕುಂಚದ ತುದಿಯಲ್ಲಿ ಬಣ್ಣ ತುಂಬಿ ನಿಂತಿದೆ, ಬೀಳಲು ಒಂದು ಹನಿ ಕಾಯುತ್ತಿದೆ, ಎಡಗಾಲಿನ ಚಪ್ಪಲಿ, ಹೊರಅಂಚು ಸವೆದದ್ದು, ಅದರ ಮೇಲೆ ಒತ್ತಿದ ಹಾಗೆ ಅವಳ ಐದೂ ಬೆರಳಿನ ಗುರುತು.