ಯಾವ ದಾರದ ನಲವತ್ತೇಳು?

ರಾತ್ರಿ ಹನ್ನೊಂದೂವರೆಗೆ ದಿಂಬಿನ ಪಕ್ಕದಲ್ಲಿ ಫೋನು 'ಟಿಣ್' ಎಂದಿತು. ಆ ಹೊತ್ತಿನ ಸದ್ದಿಗೆಲ್ಲ ಎದೆ ಹಿಡಿದುಕೊಳ್ಳುವವಳು ನಾನು. ನೋಡಿದರೆ ಅಕ್ಕ ಕಳಿಸಿದ ಫೋಟೊ. ಅವಳ ಹೊಲಿಗೆ ಅಂಗಡಿಗೆ ನಾನು ಬರೆದುಕೊಟ್ಟ ಪ್ರೋಗ್ರಾಮು ಮುದ್ರಿಸಿದ ಮೊದಲ ಅಳತೆ ಚೀಟಿ: ಆರ್ಡರ್ ೪೭, ಬೇಕರಿ ಯಜಮಾನರ ಕೋಟು. ಬೆಳಗ್ಗೆ ಎಂಟಕ್ಕೆ ಕಟಿಂಗ್ ಮಾಸ್ಟರು ಅದನ್ನು ನೋಡಿಯೇ ಬಟ್ಟೆ ಕತ್ತರಿಸಬೇಕು, ತಮ್ಮ ಹಳೆಯ ಅಳತೆ ಪುಸ್ತಕ ಮುಟ್ಟಕೂಡದು ಎಂದು ಅಪ್ಪಣೆಯಾಗಿದೆಯಂತೆ. 'ನಾಳೆ ನಿನ್ನ ಪರೀಕ್ಷೆ ಇಂಜಿನಿಯರಮ್ಮ' ಎಂದು ಕೆಳಗೆ ಬರೆದಿದ್ದಳು.

ಚೀಟಿಯಲ್ಲಿ ಎದೆ ಮೂವತ್ತನಾಲ್ಕು ಇಂಚು ಎಂದಿತ್ತು. ಬೇಕರಿ ಯಜಮಾನರು ಬಾಗಿಲಲ್ಲಿ ನಿಂತರೆ ಒಳಗೆ ದೀಪ ಹಾಕಬೇಕಾಗುತ್ತದೆ.

ಲ್ಯಾಪ್‌ಟಾಪ್ ತೆರೆದೆ. ಅಕ್ಕನಿಗೆ ಎರಡು ಅಂಗಡಿ. ಎರಡರಲ್ಲೂ ಆರ್ಡರ್ ನಂಬರು ಒಂದರಿಂದಲೇ ಶುರು. ಅದಕ್ಕೇ ಆರ್ಡರುಗಳ ಪಟ್ಟಿಯಲ್ಲಿ ಅಂಗಡಿ ಮತ್ತು ನಂಬರು ಎರಡನ್ನೂ ಸೇರಿಸಿ ಒಂದೇ ಕೀ, ಅಂದರೆ ಗುರುತು, ಮಾಡಿದ್ದೆ. ಅಳತೆಗಳ ಪಟ್ಟಿಯನ್ನು ಅದಕ್ಕೆ ಜೋಡಿಸುವಾಗ ಮಾತ್ರ ಬರೀ ನಂಬರು ಕೊಟ್ಟು ಕೈತೊಳೆದುಕೊಂಡಿದ್ದೆ. ಹೊಸ ಅಂಗಡಿಯ ನಲವತ್ತೇಳು ಒಬ್ಬ ಪಿಟೀಲು ಮೇಷ್ಟ್ರು, ಕಡ್ಡಿಯಂಥವರು. ಅವರ ಎದೆ ಬಂದು ಯಜಮಾನರ ಹೆಸರಿಗೆ ಅಂಟಿಕೊಂಡಿತ್ತು.

ತಿದ್ದಿದೆ: ಅಂಗಡಿಗೆ ಅಂಗಡಿ, ನಂಬರಿಗೆ ನಂಬರು. ತಿದ್ದುವುದಕ್ಕೆ ಎರಡು ನಿಮಿಷ, ಸರಿಯಾಗಿದೆಯೆಂದು ನಂಬುವುದಕ್ಕೆ ಎರಡು ಗಂಟೆ. ಅಕ್ಕನಿಗೆ ಆಗಲೇ ಹೇಳಿಬಿಡಬಹುದಿತ್ತು. ಆದರೆ ಒಂದನೇ ಕ್ಲಾಸಿನಲ್ಲಿ ನಾನು ಅಂಗಿಯನ್ನು ಹಿಂದುಮುಂದಾಗಿ ತೊಟ್ಟು ಶಾಲೆಗೆ ಹೋದದ್ದನ್ನು ಅವಳು ಇವತ್ತಿಗೂ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಎಂಟಕ್ಕೆ ಮುಂಚೆ ನಾನೇ ಹೋದರಾಯಿತು ಎಂದುಕೊಂಡೆ. ಆ ಬಟ್ಟೆ ಯಜಮಾನರು ಎಲ್ಲಿಂದಲೋ ತಂದದ್ದು, ಅಂಥದ್ದು ಇನ್ನೊಂದು ತುಂಡು ಸಿಗುವುದಿಲ್ಲ ಎನ್ನುವುದು ಬೆಳಗಿನವರೆಗೂ ಕಣ್ಣು ಮುಚ್ಚಗೊಡಲಿಲ್ಲ.

ಏಳೂವರೆಗೇ ಅಂಗಡಿಗೆ ಓಡಿದೆ. ಮಾಸ್ಟರು ನನಗಿಂತ ಮುಂಚೆ ಬಂದು ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆಯನ್ನೂ ಎಳೆದಿದ್ದರು. ಮೂವತ್ತನಾಲ್ಕಕ್ಕೇ ಎಳೆದುಬಿಟ್ಟರು ಎಂದುಕೊಂಡೆ. ಆಮೇಲೆ ನೋಡುತ್ತೇನೆ, ಗೆರೆ ಯಜಮಾನರಷ್ಟೇ ಅಗಲವಾಗಿತ್ತು.

"ನಿಮ್ಮ ಚೀಟಿ ನಂಬಿದ್ರೆ ಯಜಮಾನ್ರಿಗೆ ಕೋಟು ಹಾಕೋ ಬದ್ಲು ಟೋಪಿ ಹಾಕಿದ ಹಾಗಾಗ್ತಿತ್ತು," ಎಂದರು ಮಾಸ್ಟರು, ತಲೆ ಎತ್ತದೆ. "ನಲವತ್ತೇಳು ಅಂತೀರಲ್ಲಮ್ಮ, ಯಾವ ದಾರದ ನಲವತ್ತೇಳು?"

ಬಟ್ಟೆಯ ಮೂಲೆಗೆ ದಾರದಲ್ಲಿ ಕಟ್ಟಿದ, ನಂಬರು ಬರೆದ ರಟ್ಟಿನ ಚೂರನ್ನು ತೋರಿಸಿದರು. ಹಳೆಯ ಅಂಗಡಿಯದಕ್ಕೆ ಕೆಂಪು ದಾರ, ಹೊಸದಕ್ಕೆ ನೀಲಿ. ಎರಡನೇ ಅಂಗಡಿ ತೆರೆದ ದಿನದಿಂದ ಅವರು ಬರೀ ನಂಬರನ್ನು ಬಾಯಲ್ಲಿ ಹೇಳಿದ್ದೇ ಇಲ್ಲವಂತೆ. ಕೆಂಪು ನಲವತ್ತೇಳು, ನೀಲಿ ನಲವತ್ತೇಳು ಎಂದೇ. ನಾನು ನಾಲ್ಕು ವರ್ಷ ಕಾಲೇಜಿನಲ್ಲಿ ಓದಿದ್ದನ್ನು ಅವರು ಎರಡು ದಾರದುಂಡೆಯಲ್ಲಿ ಮುಗಿಸಿದ್ದರು.

ಹೊಸ ಚೀಟಿ ಮುದ್ರಿಸಿ ಕೊಟ್ಟೆ. ಎದೆ ನಲವತ್ತೆಂಟು. ಹಳೆಯದನ್ನು ಮಡಚಿ ಪರ್ಸಿಗೆ ಹಾಕಿಕೊಳ್ಳುವಷ್ಟರಲ್ಲಿ ಅಕ್ಕ ಬಂದಳು.

"ಏನ್ ಮಾಸ್ಟ್ರೇ, ಪಾಸೋ ಫೇಲೋ ನಮ್ಮ ಇಂಜಿನಿಯರಮ್ಮ?"

ಮಾಸ್ಟರು ಹೊಸ ಚೀಟಿಯನ್ನು ಎತ್ತಿ ತೋರಿಸಿದರು. "ಇದ್ರಲ್ಲಿ ಇರೋ ಹಾಗೇ ಕತ್ತರಿಸ್ತಿದೀನಿ, ನೋಡಿ."

ಅದು ಸುಳ್ಳಲ್ಲ. ಅಕ್ಕ ನನ್ನ ಬೆನ್ನು ತಟ್ಟಿ, ಈ ಸಲ ಅಂಗಿ ಸರಿಯಾಗೇ ತೊಟ್ಟಿದ್ದೀಯ ಎಂದು ನಕ್ಕಳು. ಆಗ ಕಂಡಿತು: ಬಟ್ಟೆಯ ಅಡಿಯಿಂದ, ಅಕ್ಕ ಮುಟ್ಟಕೂಡದೆಂದಿದ್ದ ಹಳೆಯ ಅಳತೆ ಪುಸ್ತಕದ ಒಂದು ಮೂಲೆ ಇಣುಕುತ್ತಿತ್ತು. ಮಾಸ್ಟರು ನನ್ನನ್ನೇ ನೋಡುತ್ತಿದ್ದರು, ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು. ನನ್ನ ಬ್ಯಾಗನ್ನು ಆ ಮೂಲೆಯ ಮೇಲಿಟ್ಟೆ. ಅವರು ಬಾಯಿ ತೆರೆಯುವಂತಿರಲಿಲ್ಲ. ನಾನೂ ಯಾರಿಗೂ ಹೇಳುವುದಿಲ್ಲವೆಂದು ತೀರ್ಮಾನಿಸಿದೆ.