ಫೈಲು ಯಾರ ಹತ್ತಿರ

ಪರದೆಯ ಮೇಲೆ 'ಫೈಲು ಕೆಟ್ಟಿದೆ' ಎಂಬ ಸಾಲು ಅಲುಗಾಡದೆ ನಿಂತಿತ್ತು. ಡ್ರೈ ಕ್ಲೀನಿಂಗಿಗೆ ಕೊಟ್ಟಿದ್ದ ಕೋಟು ಒಯ್ಯಲು ಕಾದಿದ್ದ ವಕೀಲ, "ನಿಮ್ಮ ಕಂಪ್ಯೂಟರ್ ನಿದ್ದೆಯಿಂದ ಎದ್ದಮೇಲೆ ಬರ್ತೀನಮ್ಮ" ಎಂದು ಹೊರಟುಹೋದ. ಇಸ್ತ್ರಿ ಮಾಡಿದ ಅಂಗಿಗೆ ಚೀಟಿ ಚುಚ್ಚುತ್ತಿದ್ದ ಅಕ್ಕ ತಮ್ಮನ ಕಡೆ ತಿರುಗಿದಳು.

"ನೋಡಪ್ಪ, ನೀನು ಬರೆದ ಪ್ರೋಗ್ರಾಮು."

ತಮ್ಮ ನೋಡಿದ. ಡ್ರೈ ಕ್ಲೀನಿಂಗಿಗೆ ಬಂದ ಬಟ್ಟೆಗಳ ವಿವರವೆಲ್ಲ ಅಕ್ಕನ ಕಂಪ್ಯೂಟರಿನ ಒಂದೇ ಫೈಲಿನಲ್ಲಿತ್ತು. ಕೆಲಸ ಕಳೆದುಕೊಂಡ ಭಾವ ಒಳಕೋಣೆಯಲ್ಲಿ ಹೊಸ ಕಂಪ್ಯೂಟರ್ ಇಟ್ಟುಕೊಂಡು, ಅದೇ ಫೈಲನ್ನು ಅಲ್ಲಿಂದಲೂ ತೆರೆದು ಬರೆಯತೊಡಗಿದ್ದ.

"ಭಾವ, ಈ ಡೇಟಾಬೇಸು ಪ್ರೋಗ್ರಾಮಿನ ಹೊಟ್ಟೆಯೊಳಗೇ ಇರೋದು, ಇಬ್ಬರು ಬರೆಯೋದನ್ನ ಸರಿದೂಗಿಸೋಕೆ ಮಧ್ಯೆ ಬೇರೆ ಯಾರೂ ಇಲ್ಲ. ಯಾವುದಾದ್ರೂ ಒಂದು ಕಂಪ್ಯೂಟರ್ ಫೈಲು ಹಿಡ್ಕೋಬೇಕು, ಇನ್ನೊಂದು ಅದನ್ನ ಕೇಳಿ ತಗೋಬೇಕು. ಹಿಡಿದಿರೋ ಕಂಪ್ಯೂಟರ್ ಆಫ್ ಆದ್ರೆ ಇನ್ನೊಂದು ಸುಮ್ನೆ ಕಾಯ್ತಿರ್ಬೇಕು. ಇಬ್ಬರೂ ಕೈ ಹಾಕಿದ್ರೆ ಹೀಗೇ."

"ಹಾಗಾದ್ರೆ ನನ್ನದರಲ್ಲಿಡು," ಎಂದ ಭಾವ ಒಳಗಿನಿಂದಲೇ. "ಕೌಂಟರಿಗೆ ಯಾರನ್ನಾದ್ರೂ ಕೂರಿಸ್ತೀನಿ. ನಿಮ್ಮಕ್ಕ ಮನೇಲಿ ಆರಾಮಾಗಿರ್ಲಿ."

"ಆರಾಮು ಬೇಕೂಂತ ಅವಳು ನಿಮ್ಮನ್ನ ಕೇಳಿದ್ಲಾ? ಅಂಗಡಿ ಕಟ್ಟಿದ್ದು ಯಾರು?"

"ಅಕ್ಕನ ಬಾಲ! ಹೇಳಿದ್ದಷ್ಟು ಮಾಡೋ."

ಅಕ್ಕ ಚೀಟಿ ಚುಚ್ಚುವುದನ್ನು ನಿಲ್ಲಿಸಲಿಲ್ಲ. "ಬ್ಯಾಕಪ್ ಇದ್ಯಾ?"

"ನಿನ್ನೇದಿದೆ. ಇವತ್ತಿಂದು ಮತ್ತೆ ಬರೀಬೇಕು."

"ಬರೀತೀನಿ. ಇಲ್ಲೇ ಹಾಕು, ನನ್ನದರಲ್ಲಿ."

ಭಾವ ಬಾಗಿಲಿಗೆ ಬಂದು ನಿಂತ. "ಏನಂದೆ?"

"ಬಟ್ಟೆ ಬರೋದು ಇಲ್ಲಿಗೆ, ಹೋಗೋದು ಇಲ್ಲಿಂದ. ನಿಮಗೇನು ಬೇಕೋ ಕೇಳಿ, ಸಿಗುತ್ತೆ."

"ಇನ್ನು ನಾನು ನಿನ್ನ ಕೇಳ್ಕೊಂಡು ಕೂರ್ಬೇಕಾ?"

"ನನ್ನನ್ನಲ್ಲ ರೀ, ಕಂಪ್ಯೂಟರನ್ನ."

ತಮ್ಮ ನಗು ನುಂಗಿಕೊಂಡು ಕೂತ. ನಿನ್ನೆಯ ಫೈಲನ್ನು ಅಕ್ಕನ ಕಂಪ್ಯೂಟರಿಗೆ ಹಾಕಿದ. ಒಳಗಿನ ಕಂಪ್ಯೂಟರಿಗೆ ಫೈಲಿನಲ್ಲಿ ನೇರವಾಗಿ ಬರೆಯುವ ದಾರಿ ಮುಚ್ಚಿ, ಕೇಳುವ ದಾರಿಯೊಂದನ್ನೇ ಬಿಟ್ಟ. ಭಾವ ಬಾಗಿಲನ್ನು ದಡಾರನೆ ಎಳೆದುಕೊಂಡು ಒಳಗೆ ಹೋದ. ತುಸು ಹೊತ್ತಿಗೆ ಅಲ್ಲಿಂದ ಕೀಬೋರ್ಡು ಕುಟ್ಟುವ ಸದ್ದು ಬರತೊಡಗಿತು. ವಕೀಲ ಮರಳಿ ಬಂದು ಕೋಟು ಒಯ್ದ.

ಮಧ್ಯಾಹ್ನ ಅಕ್ಕ ಅಂಗಡಿಯ ಬಾಗಿಲಿಗೆ 'ಊಟದ ಸಮಯ' ಎಂಬ ಹಲಗೆ ತೂಗುಹಾಕಿ ಬಂದು, ಕಂಪ್ಯೂಟರಿನತ್ತ ಕೈ ಚಾಚಿದಳು.

"ಅಕ್ಕಾ, ಅದನ್ನ ಆಫ್ ಮಾಡಿದ್ರೆ ಒಳಗೆ..."

"ಗೊತ್ತು."

ಪರದೆ ಕಪ್ಪಾಯಿತು. ಒಳಗಿನ ಸದ್ದು ಇನ್ನೂ ಸ್ವಲ್ಪ ಹೊತ್ತು ಜೋರಾಗಿ ಕೇಳಿ, ಆಮೇಲೆ ನಿಂತಿತು. ಅಕ್ಕ ಕೌಂಟರಿನ ಮೇಲೆ ಎರಡು ತಟ್ಟೆ ಇಟ್ಟಳು. ಮೂರನೆಯದನ್ನು ಕೈಯಲ್ಲಿ ಹಿಡಿದು, ಒಳಬಾಗಿಲನ್ನೇ ನೋಡುತ್ತ, ನಿಧಾನವಾಗಿ ಒರೆಸತೊಡಗಿದಳು.