ಗಡಕ್ ಅಂದ ಕಾಯಿ

ಹತ್ತು ತಿಂಗಳ ಮಗು ಹೆಸರು ಹಿಡಿದು ಕರೆದರೆ ತಿರುಗಿ ನೋಡಬೇಕಂತೆ. ಧನ್ಯಶ್ರೀ ಇದನ್ನು ಫೋನಿನಲ್ಲಿ ಓದಿದ್ದೇ ಓದಿದ್ದು, ಅವತ್ತಿನಿಂದ ಅವಳಿಗೆ ಅನ್ನ ಸೇರಲಿಲ್ಲ. ಅವಳ ಮೋನಿಕಾ ತಿರುಗುತ್ತಿರಲಿಲ್ಲ. ಬೆನ್ನ ಹಿಂದೆ ನಿಂತು "ಮೋನೀ!" ಎಂದು ಗಂಟಲು ಹರಿಯುವಂತೆ ಕೂಗಿದರೂ ಆ ಪುಣ್ಯಾತ್ಗಿತ್ತಿ ಕಾಲ್ಬೆರಳನ್ನು ಬಾಯಿಗೆ ತುರುಕಿಕೊಂಡು ಕೂತಿರುತ್ತಿದ್ದಳು.

"ಅತ್ತೆ, ಮಗೀಗೆ ಕಿವಿ ಕೇಳ್ಸಲ್ವೇನೋ," ಎಂದು ಅತ್ತೆ ಅಂಕಮ್ಮನಿಗೆ ಹೇಳಿದಳು. ಅಂಕಮ್ಮ ಟೀವಿಯಿಂದ ಕಣ್ಣು ತೆಗೆಯಲಿಲ್ಲ. ಮೂರನೇ ಸಲ ಕೂಗಿ ಹೇಳಿದಾಗ, "ಅಯ್ಯೋ ಬುಡು! ನಮ್ಮ ವಂಶದಾಗೆ ಕಿವುಡ್ರು ಯಾರವ್ರೆ? ಆ ಫೋನ್ ನೋಡೋದ್ ಬುಟ್ಟು ಮಗೀನ್ ನೋಡು," ಎಂದು ಗದರಿದಳು. ಗಂಡ ರವೀಂದ್ರ, "ನಮ್ಮನೇಲಿ ಎಲ್ರ ಬಾಯೂ ಜೋರು ಕಣೇ, ಕೇಳ್ದೆ ಎಲ್ಲೋಗ್ತದೆ," ಎಂದು ನಕ್ಕು ತೋಟಕ್ಕೆ ಹೋದ. ತಿಪಟೂರಿನ ಕಿವಿ ಡಾಕ್ಟರು ಸೋಮವಾರ ಬರಲು ಹೇಳಿದ್ದರು. ಅಲ್ಲಿಗೆ ಇನ್ನೂ ಆರು ದಿನ. ಸುಮ್ಮನೆ ಕೂತು ಕಳೆಯಲು ಆಗುತ್ತದೆಯೇ?

ಆಟದಲ್ಲೇ ಪರೀಕ್ಷೆ ಮಾಡೋಣವೆಂದು ಹೊರಟಳು. ಒಂದು ದಿನ ಸ್ಟೀಲ್ ಡಬರಿ ಬೋರಲು ಹಾಕಿ ಸೌಟು ಕೊಟ್ಟಳು. ಮೋನಿಕಾ ಬಡಿದದ್ದೇ ಬಡಿದದ್ದು, ಮನೆ ಹಾರಿಹೋಗುವಷ್ಟು. ಮಾರನೇ ದಿನ ಬೇಸಿನ್ನಿಗೆ ನೀರು ಹಾಕಿ ಕರಟ ತೇಲಿಬಿಟ್ಟಳು. ಮತ್ತೊಂದು ದಿನ ತಟ್ಟೆಯಲ್ಲಿ ಕಡ್ಲೆಪುರಿ ಹರಡಿದಳು. ಮಗು ಎರಡು ಬೆರಳಲ್ಲಿ ಒಂದೊಂದೇ ಎತ್ತಿ, ಮೊದಲು ಅಮ್ಮನ ಬಾಯಿಗೆ, ಆಮೇಲೆ ತನ್ನ ಬಾಯಿಗೆ ಹಾಕಿತು. ಧನ್ಯಶ್ರೀಗೆ ಸೋಜಿಗವೋ ಸೋಜಿಗ. ಇಷ್ಟು ಬುದ್ಧಿ ಯಾವಾಗ ಬಂತು ಇದಕ್ಕೆ? ಸೆರಗು ಮುಚ್ಚಿ "ಕೂಕ್" ಅಂದರೆ ಕೇಕೆ ಹಾಕಿ ನಗುತ್ತಿತ್ತು. ಆದರೆ ನಕ್ಕದ್ದು ಕೂಕ್ ಅಂದದ್ದನ್ನು ಕೇಳಿಯೋ, ಮುಖ ಕಂಡೋ? ಅದೊಂದೇ ಅವಳಿಗೆ ತಿಳಿಯಲಿಲ್ಲ.

ಶನಿವಾರ ಅಂಕಮ್ಮ ಅಟ್ಟ ಹತ್ತಿದಳು. ಮೋನಿಕಾ ಹುಟ್ಟಿದ ವಾರದಲ್ಲೇ ಏರಿಸಿದ್ದ ತೆಂಗಿನಕಾಯಿಗಳು ಹತ್ತು ತಿಂಗಳಿಂದ ಅಲ್ಲಿ ಒಣಗುತ್ತಿದ್ದವು. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗುಳುಗುಳು ಅಂದರೆ ಒಳಗಿನ್ನೂ ನೀರಿದೆ, ಅಲ್ಲೇ ಇರಲಿ. ಗಡಕ್ ಗಡಕ್ ಅಂದರೆ ನೀರು ಆರಿ ಕೊಬ್ಬರಿ ಕರಟ ಬಿಟ್ಟಿದೆ, ಅದನ್ನು ಕೆಳಗೆ ಹಾಕಬೇಕು. ದಂಡಿನಶಿವರದ ಆ ಬೀದಿಯಲ್ಲಿ ಅಂಕಮ್ಮನ ಕಿವಿಯೆಂದರೆ ಕಿವಿ. ಅಕ್ಕಪಕ್ಕದವರೂ ತಮ್ಮ ಅಟ್ಟಕ್ಕೆ ಅವಳನ್ನೇ ಕರೆಯುತ್ತಿದ್ದರು.

ಕೆಳಗೆ ದೂರದ ಮೂಲೆಯಲ್ಲಿ ಚಾಪೆ ಹಾಸಿ ಧನ್ಯಶ್ರೀ ಮಗುವಿನೊಂದಿಗೆ ಕೂತಳು. ಮೇಲಿನಿಂದ ಮೆಲ್ಲಗೆ ಗಡಕ್ ಎಂದಿತು. ಮೋನಿಕಾ ಬಾಯಿಂದ ಕಾಲ್ಬೆರಳು ತೆಗೆದು ತಲೆ ಎತ್ತಿ ನೋಡಿದಳು! ಅಲ್ಲಿ ಕಾಣುವುದಕ್ಕೆ ಏನೂ ಇಲ್ಲ, ಬರೀ ಅಟ್ಟದ ಹಲಗೆ. ಮತ್ತೊಂದು ಗಡಕ್. ಮತ್ತೆ ತಲೆ ಎತ್ತಿ "ಹ್ಞಾ!" ಎಂದಳು. ಧನ್ಯಶ್ರೀ ಮಗುವನ್ನು ಎದೆಗೆ ಅವಚಿಕೊಂಡು ಅತ್ತಳು, ನಕ್ಕಳು, ಮತ್ತೆ ಅತ್ತಳು.

ಕಣ್ಣೊರೆಸಿಕೊಂಡ ಮೇಲೆ ಅವಳಿಗೆ ಏನೋ ವಿಚಿತ್ರ ಅನ್ನಿಸಿತು. ಗಡಕ್ ಅಂದ ಕಾಯಿ ಒಂದೂ ಕೆಳಗೆ ಬಿದ್ದಿರಲಿಲ್ಲ. ಈಗ ಗುಳುಗುಳು ಅಂದದ್ದು ದೊಪ್ಪೆಂದು ಬಿತ್ತು.

ಮಗುವನ್ನು ಕಂಕುಳಲ್ಲಿಟ್ಟುಕೊಂಡು ಏಣಿಯ ಮೇಲೆ ನಿಂತು ಇಣುಕಿದಳು. ಅಂಕಮ್ಮ ಕಣ್ಣು ಮುಚ್ಚಿ, ಕಾಯಿಯನ್ನು ಕಿವಿಗೆ ಒತ್ತಿ ಅಲ್ಲಾಡಿಸುತ್ತಿದ್ದಳು. "ಅತ್ತೆ," ಎಂದಳು ಸೊಸೆ. ಮುದುಕಿ ಅಲ್ಲಾಡಿಸುತ್ತಲೇ ಇದ್ದಳು. ಕಾಲು ಮುಟ್ಟಿದಾಗ ಮುದುಕಿ ಬೆಚ್ಚಿಬಿದ್ದಳು. ಸೊಸೆಯ ಮುಖ ನೋಡಿದವಳೇ ಕಾಯಿ ಕೆಳಗಿಟ್ಟಳು.

"ಹೋದೊರ್ಷದಿಂದ ಕಣವ್ವಾ," ಎಂದಳು. "ಯಾರ್ಗೂ ಹೇಳ್ಬ್ಯಾಡ. ಕಿವಿ ಹೋಯ್ತು ಅಂದ್ರೆ ನನ್ನ ಅಟ್ಟ ಹತ್ಸೋರ್ ಯಾರು?"

ಮನೆಯವರೆಲ್ಲ ಯಾಕೆ ಅರಚಿಕೊಂಡೇ ಮಾತಾಡುತ್ತಿದ್ದರು, ಟೀವಿ ಯಾಕೆ ಬೀದಿಗೆಲ್ಲ ಕೇಳುತ್ತಿತ್ತು ಎಂಬುದು ಧನ್ಯಶ್ರೀಗೆ ಆಗ ಹೊಳೆಯಿತು. ಹುಟ್ಟಿದಾಗಿನಿಂದ ಕೂಗಾಟವನ್ನೇ ಕೇಳಿದ ಮಗು ಕೂಗಿಗೆ ಯಾಕೆ ತಿರುಗೀತು? ಅವಳು ಕೆಳಗಿಳಿದು ಮಗುವನ್ನು ಚಾಪೆಯ ಮೇಲೆ ಕೂರಿಸಿ, ಅದರ ಬೆನ್ನ ಹಿಂದೆ ಬಾಯಿ ತಂದು, ಉಸಿರಿನಷ್ಟು ಮೆಲ್ಲಗೆ "ಮೋನಿ" ಎಂದಳು. ಮೋನಿಕಾ ಸರಕ್ಕನೆ ತಿರುಗಿ ಅಮ್ಮನ ಮೂಗು ಹಿಡಿದಳು.

ಭಾನುವಾರ ಕಾಯಿಗಳನ್ನು ಚಾಪೆಗೇ ಇಳಿಸಿ ಹೊಸ ಆಟ ಶುರುವಾಯಿತು. ಅಂಕಮ್ಮ ಸೆರಗಿನ ಮರೆಯಲ್ಲಿ ಅಲ್ಲಾಡಿಸುವುದು, ಮೊಮ್ಮಗಳ ಮುಖ ನೋಡುವುದು. ಗಡಕ್ ಕೇಳಿ ಹುಬ್ಬು ಹಾರಿದರೆ ಈ ಕಡೆ ಗುಡ್ಡೆ, ಹಾರದಿದ್ದರೆ ಆ ಕಡೆ. "ನನ್ನ ಕಿವಿ ಎಲ್ಲೋಗಿತ್ತು ಅಂತಿದ್ದೆ, ಇಲ್ಲೈತೆ ನೋಡೇ ಕಳ್ಳಿ," ಎಂದು ಮುದುಕಿ ಅದರ ಕೆನ್ನೆ ಹಿಂಡಿದಳು.

ಸೋಮವಾರ ಮೂವರೂ ತಿಪಟೂರಿಗೆ ಹೋದರು. ಡಾಕ್ಟರ ಕೋಣೆಯೊಳಗಿಂದ ನರ್ಸು, "ಮೋನಿಕಾ ಅಂತ ಯಾರ್ರೀ? ಕಿವಿ ಯಾರ್ದು?" ಎಂದು ಕೇಳಿದಳು. ಅಂಕಮ್ಮನಿಗೆ ಅದು ಕೇಳಿಸಲಿಲ್ಲ. ಅವಳ ತೊಡೆಯ ಮೇಲಿದ್ದ ಮೋನಿಕಾ ಬಾಗಿಲ ಕಡೆ ಕತ್ತು ತಿರುಗಿಸಿದಳು. ಅದನ್ನು ಕಂಡು, ಒಳಗಿಂದ ಕರೆ ಬಂತೆಂದು ತಿಳಿದ ಅಂಕಮ್ಮ ಮಗುವನ್ನು ಸೊಸೆಯ ಕೈಗೆ ಕೊಟ್ಟು ಎದ್ದು ನಿಂತಳು.

"ನಂದು ಕಣವ್ವಾ," ಎಂದಳು. "ಕಿವಿ ನಂದು."